ಮೂಟೆ ಕೂತ ಉಯ್ಯಾಲೆ

ಲಿಫ್ಟ್ ರಿಪೇರಿ ಮಾಡುವವನ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೆ ಉಯ್ಯಾಲೆ ಅಷ್ಟು ಸುಲಭಕ್ಕೆ ದಕ್ಕುವುದಿಲ್ಲ. ಅವನ ಅತ್ತೆ ಈ ಮಾತನ್ನು ಬೀದಿಯವರಿಗೆಲ್ಲ ಹೇಳಿ ನಗುತ್ತಿದ್ದರು. ಅವನಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ಓಡಾಡುವ ಕತ್ತಲ ಬಾವಿಗೆ ಇಳಿಯುವುದು ಅವನ ಕೆಲಸ. ಎಣ್ಣೆ ಮೆತ್ತಿದ ಉಕ್ಕಿನ ಹಗ್ಗಗಳನ್ನು ಬಟ್ಟೆಯಿಂದ ಸವರುತ್ತಾ ಬರಬೇಕು. ಎಲ್ಲಾದರೂ ಒಂದೆಳೆ ಕಿತ್ತುಹೋಗಿದ್ದರೆ ಬಟ್ಟೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಸ ಲಿಫ್ಟಾದರೆ ಜನ ಹತ್ತುವ ಮೊದಲು ಕಬ್ಬಿಣದ ತೂಕಗಳು ಹತ್ತಬೇಕು, ಅದೂ ಜನರ ಭಾರಕ್ಕಿಂತ ಹೆಚ್ಚಾಗಿ. ಎಲ್ಲ ಸರಿಯಿದೆ ಎಂದಾದ ಮೇಲೂ ಅವನು "ಇನ್ನೊಂದ್ಸಲ ನೋಡೋಣ" ಎನ್ನದೆ ಕೆಲಸ ಮುಗಿಸಿದವನಲ್ಲ. ಜೊತೆಯವರು ಅವನಿಗೆ 'ಇನ್ನೊಂದ್ಸಲ' ಎಂದೇ ಹೆಸರಿಟ್ಟಿದ್ದರು. ಅವನು ನೋಡಿದ ಲಿಫ್ಟಿನಲ್ಲಿ ಯಾರಿಗೂ ಒಂದು ಗೀರು ಆಗಿರಲಿಲ್ಲ ಎಂಬುದೂ ಅಷ್ಟೇ ನಿಜ.

ಅಂಥವನ ಸಂಸಾರ ಆ ವರ್ಷ ಹಿತ್ತಲಿರುವ ಮನೆಗೆ ಬಂತು. ಚಳಿ ಕಳೆದು, ಹಿತ್ತಲಿನ ಹಳೆಯ ಮರದಲ್ಲಿ ಕೆಂಪನೆ ಚಿಗುರು ಕಾಣಿಸುತ್ತಿದ್ದಂತೆ ಮನೆಮಂದಿಯೆಲ್ಲ ಹೊರಗೆ ಬಿದ್ದರು. ಹೆಂಡತಿ ಬೇಕರಿಯಲ್ಲಿ ಕೇಕುಗಳ ಮೇಲೆ ಹೂ ಬಿಡಿಸುವವಳು. "ರೀ, ಕ್ರೀಮಿನ ಗುಲಾಬಿ ಬಿಡಿಸೀ ಬಿಡಿಸೀ ಸಾಕಾಗಿದೆ. ಮುಟ್ಟಿದ್ರೆ ಕರಗದ ಹೂ ಬೇಕು ನಂಗೆ," ಎಂದು ಸೆರಗು ಸಿಕ್ಕಿಸಿ ನೆಲ ಅಗೆದಳು. ಆರು ವರ್ಷದ ಮಗಳು ಬಟಾಣಿ ಬಿತ್ತಿದಳು. ಎರಡು ವರ್ಷದ ಗುಂಡ ಅಕ್ಕ ಬಿತ್ತಿದ್ದನ್ನು ಹಿಂದಿನಿಂದಲೇ ಕಿತ್ತು ನೋಡುತ್ತಾ ಹೋದ. "ಕೈ ಕೆಸರಾದ್ರೆ ಬಾಯಿ ಮೊಸರು," ಎಂದರು ಅತ್ತೆ, ಗುಂಡನ ಬಾಯಿಂದ ಕೆಸರು ತೆಗೆಯುತ್ತಾ.

ಎಲ್ಲರಿಗೂ ಹಬ್ಬ, ಅವನೊಬ್ಬನಿಗೆ ಕಾವಲು. ಬಟಾಣಿ ಬಳ್ಳಿಗೆ ನೆಟ್ಟ ಕಡ್ಡಿಗಳು ಮಗುವಿನ ಕಣ್ಣಿಗೆ ಚುಚ್ಚಿಯಾವೆಂದು ಒಂದೊಂದರ ತುದಿಗೂ ಹಳೆಯ ಬಾಟಲಿ ಮುಚ್ಚಳ ಸಿಕ್ಕಿಸಿದ. ನೀರಿನ ಡ್ರಮ್ಮಿಗೆ ಹಲಗೆ, ಹಲಗೆಯ ಮೇಲೆ ಕಲ್ಲು. ಕಲ್ಲು ಜಾರಿ ಕಾಲ ಮೇಲೆ ಬಿದ್ದರೆ? ಕಲ್ಲಿಗೊಂದು ಹಗ್ಗ.

"ಆ ಹಗ್ಗಕ್ಕೆ ಏನು ಕಟ್ತೀರಿ, ಅಳಿಯಂದ್ರೇ?" ಎಂದರು ಅತ್ತೆ.

ಮಗಳಿಗೆ ಬೇಕಿದ್ದದ್ದು ಒಂದೇ, ಮರಕ್ಕೊಂದು ಉಯ್ಯಾಲೆ. ಚಳಿಗಾಲವೆಲ್ಲ ಅದೇ ಜಪ. ಅವನು ಕಟ್ಟಿಕೊಟ್ಟ ಕೂಡ. ಒಳ್ಳೆಯ ಹಗ್ಗ, ಉಜ್ಜಿ ನುಣುಪು ಮಾಡಿದ ಹಲಗೆ. ಅವಳು ಓಡಿಬಂದು ಹಲಗೆ ಹಿಡಿದಳು.

"ತಡಿ. ಮೊದ್ಲು ಮೂಟೆ ಕೂರ್ಲಿ," ಎಂದ ಅವನು.

ಗೋಣಿಚೀಲಕ್ಕೆ ಮಣ್ಣು ತುಂಬಿ ಹಲಗೆಯ ಮೇಲೆ ಕಟ್ಟಿದ. ಸುತ್ತ ಕೆಂಪು ಟೇಪು ಎಳೆದ, ಕೆಲಸದ ಜಾಗದಲ್ಲಿ ಎಳೆಯುವ ಹಾಗೆ. "ಟೇಪು ದಾಟಬೇಡ." ಮರುದಿನ ಕೊಂಬೆ ಹಾಗೇ ಇತ್ತು, ಇನ್ನೊಂದು ಮೂಟೆ ಏರಿಸಿದ. ಅದಾದ ಮೇಲೆ ಮತ್ತೊಂದು. ಮಗಳು ಟೇಪಿನಾಚೆ ಕುಕ್ಕರಗಾಲಿನಲ್ಲಿ ಕೂತು, ತನ್ನ ಉಯ್ಯಾಲೆಯಲ್ಲಿ ಮೂಟೆ ಆಡುವುದನ್ನು ನೋಡುತ್ತಿದ್ದಳು.

"ಮರ ಕಣ್ರೀ ಅದು, ಲಿಫ್ಟ್ ಅಲ್ಲ," ಎಂದಳು ಹೆಂಡತಿ. "ಇವಳಿಗೆ ಮದುವೆ ಆಗೋ ಹೊತ್ತಿಗಾದ್ರೂ ಕೂರಿಸ್ತೀರಾ?"

"ಬಿದ್ರೆ ಯಾರು ಜವಾಬ್ದಾರಿ?" ಎಂದ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಭಯವಿತ್ತು.

ಆ ವಾರ ಜಿಟಿಜಿಟಿ ಮಳೆ ಹಿಡಿಯಿತು. ಅವನು ಊರಾಚೆಯ ಹೊಸ ಕಟ್ಟಡದಲ್ಲಿ ಬೆಳಗಿನಿಂದ ಸಂಜೆಯವರೆಗೆ ಲಿಫ್ಟಿನ ಬಾವಿಯೊಳಗಿದ್ದ. ಬಟಾಣಿ ಎರಡೆಲೆ ಬಿಟ್ಟಿತು. ಮೂಟೆಗಳು ಮಳೆಯಲ್ಲಿ ಕೂತೇ ಇದ್ದವು. ಕಬ್ಬಿಣದ ತೂಕ ನೀರು ಕುಡಿಯುವುದಿಲ್ಲ, ಮಣ್ಣು ಕುಡಿಯುತ್ತದೆ. ತೂಕವನ್ನೇ ನಂಬಿ ಅನ್ನ ತಿನ್ನುವವನಿಗೆ ಇಷ್ಟು ಹೊಳೆಯಲಿಲ್ಲ ನೋಡಿ.

ಭಾನುವಾರ ಬಿಸಿಲು ಬಂತು. ಎಲ್ಲರೂ ಹಿತ್ತಲಿನಲ್ಲಿದ್ದರು. ಗುಂಡನಿಗೆ ಆ ಟೇಪೆಂದರೆ ಪ್ರಾಣ. ಅದರಡಿ ನುಸುಳಿ ಮೂಟೆಗಳ ಕಡೆ ಹೊರಟಿದ್ದ. ಅತ್ತೆ ಹಿಂದಿನಿಂದ ಅವನ ಚಡ್ಡಿ ಹಿಡಿದೆಳೆದರು. "ಬಾರೋ ಇಲ್ಲಿ, ಸುರಿಯೋ ಮೂಗು ಹೊತ್ಕೊಂಡು ಎಲ್ಲಿಗೆ ಹೊರಟೆ?"

ಅವರು ಮೂಗು ಒರೆಸುತ್ತಿದ್ದಾಗಲೇ ಕೊಂಬೆ ಲಟಾರನೆ ಮುರಿಯಿತು. ಮೂಟೆ, ಹಲಗೆ, ಹಗ್ಗ, ಚಿಗುರು ಎಲ್ಲ ಬಟಾಣಿ ಪಾತಿಯ ಅಂಚಿನ ಮೇಲೆ ಬಿದ್ದವು. ಗುಂಡ ಕೈತಟ್ಟಿ ನಕ್ಕ. ಬೇರೆ ಯಾರೂ ನಗಲಿಲ್ಲ.

ಅವನು ಓಡಿಬಂದು ಮಗನನ್ನು ಎತ್ತಿ ತಲೆ, ಕೈಕಾಲು, ಬೆನ್ನು ಸವರಿದ. ಮತ್ತೆ ಮೊದಲಿನಿಂದ ಸವರಿದ. ಆಮೇಲೆ ಮುರಿದ ಕೊಂಬೆಯ ಬಳಿ ಹೋಗಿ ಬಗ್ಗಿದ. ಒಳಗೆ ಹುಳುವಿಲ್ಲ, ಟೊಳ್ಳಿಲ್ಲ. ಬೆಳ್ಳಗೆ ಹಸಿಯಾದ, ಗಟ್ಟಿ ಮರ. ಮಗಳಂಥ ನಾಲ್ವರು ಕೂತಿದ್ದರೂ ಏನೂ ಆಗುತ್ತಿರಲಿಲ್ಲ.

"ನಾನೇ ಮುರಿದೆ, ಅತ್ತೆ," ಎಂದ.

ನಾಲಿಗೆಯ ತುದಿಯಲ್ಲೇ ಮಾತಿಟ್ಟುಕೊಂಡಿದ್ದ ಅತ್ತೆ ಅಂದು "ಕೂತ್ಕೊಳ್ಳಿ, ನೀರು ತರ್ತೀನಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಅದಾದ ಮೇಲೆ ಮಗಳು ಉಯ್ಯಾಲೆಯ ಸುದ್ದಿ ಎತ್ತಲಿಲ್ಲ. ಹಠವಿಲ್ಲ, ಅಳುವಿಲ್ಲ. ಮೊದಮೊದಲು ಅವನಿಗೆ ಅದು ಸಮಾಧಾನವೇ ಆಯಿತು. ಬಟಾಣಿ ಹೂಬಿಟ್ಟು ಕಾಯಿ ಕಟ್ಟಿತು. ಅವಳು ಮರದ ಪಕ್ಕದ ಸಾಲನ್ನು ಬಿಟ್ಟು ಉಳಿದದ್ದಷ್ಟನ್ನೇ ಬಿಡಿಸುತ್ತಿದ್ದಳು. ಒಂದು ಸಂಜೆ ಅವಳು ಗುಂಡನ ತೋಳು ಹಿಡಿದು ಬುದ್ಧಿ ಹೇಳುವುದು ಕಿಟಕಿಯಿಂದ ಕೇಳಿಸಿತು: "ಅಲ್ಲಿಗೆ ಹೋಗ್ಬಾರ್ದು. ಮರ ಬೀಳುತ್ತೆ. ಇಲ್ಲೂ ನಿಂತ್ಕೋಬೇಡ, ಕಡ್ಡಿ ಚುಚ್ಚುತ್ತೆ. ಬಾ, ಮೆಟ್ಟಿಲ ಮೇಲೆ ಸುಮ್ನೆ ಕೂರೋಣ."

ತನ್ನದೇ ಮಾತು, ತನ್ನದೇ ದನಿ. ಕೊಂಬೆ ಬಿದ್ದಾಗ ಆಗಿದ್ದ ಭಯಕ್ಕಿಂತ ಇದು ದೊಡ್ಡದು. ಗೀರು ಬಿದ್ದಿರುವುದು ಎಲ್ಲಿ ಎಂದು ಇಷ್ಟು ದಿನ ಮಕ್ಕಳ ಮೈಯೆಲ್ಲ ಹುಡುಕಿದ್ದ. ಅದು ಮಗಳೊಳಗೆ ಬಿದ್ದಿತ್ತು.

ಮರುದಿನ ಬೆಳಿಗ್ಗೆ ಮರದ ಇನ್ನೊಂದು ಕೊಂಬೆಗೆ, ಮೊದಲಿನದಕ್ಕಿಂತ ದಪ್ಪನೆಯದಕ್ಕೆ, ಅದೇ ಹಲಗೆ ಕಟ್ಟಿದ. ಹಗ್ಗವನ್ನು ಬಟ್ಟೆಯಿಂದ ಒಂದೇ ಒಂದು ಸಲ ಸವರಿದ. ಗೋಣಿಚೀಲದ ಮಣ್ಣನ್ನೆಲ್ಲ ಪಾತಿಗೆ ಸುರಿದ. ಆದರೆ ಕೈ ತಡೆಯಲಿಲ್ಲ, ಟೇಪು ಮಾತ್ರ ಎಳೆದೇ ಎಳೆದ.

"ಬಾ, ಕೂತ್ಕೋ," ಎಂದ ಮಗಳಿಗೆ.

ಅವಳು ಟೇಪಿನಾಚೆಯೇ ನಿಂತಳು. "ಮೂಟೆ ಎಲ್ಲಿ?"

"ಮೂಟೆ ಬೇಡ ಇನ್ನು."

"ಹಾಗಾದ್ರೆ ನೀನು ಕೂತ್ಕೋ."

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದಳು. ಅವಳ ಹಿಂದೆ ಗುಂಡನನ್ನೆತ್ತಿಕೊಂಡು ಅತ್ತೆ. ಅವನು ಕೂತ. ಲಿಫ್ಟಿನ ಬಾವಿಗಳಲ್ಲಿ ಕಾಲು ಇಳಿಬಿಟ್ಟು ಕೆಲಸ ಮಾಡಿದ ಮನುಷ್ಯನ ಅಂಗೈ ಬೆವರಿತು. ತೂಗಿಕೊಂಡಂತೆ ಮಾಡಿದ, ಹಿಂದೆ, ಮುಂದೆ.

"ಅಪ್ಪಾ, ಮೋಸ. ಕಾಲು ಎತ್ತು."

ನೋಡಿಕೊಂಡ. ಎರಡೂ ಹೆಬ್ಬೆರಳು ನೆಲಕ್ಕೆ ಊರಿದ್ದವು. ಯಾವಾಗ ಊರಿದನೋ ಅವನಿಗೇ ಗೊತ್ತಿಲ್ಲ. ಉಸಿರು ಬಿಗಿಹಿಡಿದು ಎತ್ತಿದ. ಮೇಲೆ ಕೊಂಬೆ ಕಿರ್ರೆಂದಿತು. ಎದ್ದುಬಿಡಬೇಕು ಅನ್ನಿಸಿತು. ಹೆಂಡತಿಯ ಮುಖ ನೋಡಿದ; ಅವಳೂ ಉಸಿರು ಹಿಡಿದಿದ್ದಳು. ಕೊಂಬೆ ಇನ್ನೊಮ್ಮೆ ಕಿರ್ರೆಂದು ಸುಮ್ಮನಾಯಿತು. ಅವನು ಕಾಲು ಇಳಿಸಲಿಲ್ಲ.

ಆಗ ಬೆನ್ನ ಮೇಲೆ ಎರಡು ಪುಟ್ಟ ಅಂಗೈಗಳು ಬಿದ್ದವು, ಮಣ್ಣಾದ ಕೈಗಳು, ಅಂಗಿಯ ಮೂಲಕವೂ ತಣ್ಣಗೆ. "ಗಟ್ಟಿ ಹಿಡ್ಕೋ," ಎಂದಳು, ಶಕ್ತಿಯೆಲ್ಲ ಹಾಕಿ ನೂಕುತ್ತಾ.

ಅವಳು ಟೇಪು ದಾಟಿ ಬಂದಿದ್ದಳು. ಹಿಂದೆ ಹೋಗು ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡ.