ಚನ್ನಬಸಪ್ಪನವರ ಜುಲೈ

ಮನುಷ್ಯನ ಆಯುಷ್ಯ ಚಿಕ್ಕದು, ಭೂಮಿ ದೊಡ್ಡದು. ಆದ್ದರಿಂದ ಎಂಥವರೇ ಆಗಲಿ, ನೋಡಬೇಕಾದದ್ದರಲ್ಲಿ ಮುಕ್ಕಾಲು ಪಾಲನ್ನು ನೋಡದೆಯೇ ಕಣ್ಣು ಮುಚ್ಚುತ್ತಾರೆ. ಈ ಗಂಭೀರ ಸತ್ಯವನ್ನು ನಾನು ಒಮ್ಮೆ ಕಚೇರಿಯ ಕಾಫಿ ಯಂತ್ರದ ಮುಂದೆ ನಿಂತು ಉಚ್ಚರಿಸಿದಾಗ ಚನ್ನಬಸಪ್ಪನವರು ಕಪ್ಪನ್ನು ಕೆಳಗಿಟ್ಟು, "ಅದು ಎಕ್ಸೆಲ್ ಶೀಟ್ ಇಲ್ಲದವರ ಮಾತು ರೀ ಮೈಸೂರವರೇ" ಎಂದರು.

ಅವರ ಬಳಿ ಶೀಟ್ ಇತ್ತು. ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿರುವ ಡಾರ್ವಿನ್ ಎಂಬ ಊರಿನಿಂದ ಬಾಡಿಗೆ ಕಾರಿನಲ್ಲಿ ಹೊರಟು, ಲಿಚ್‌ಫೀಲ್ಡ್, ಕ್ಯಾಥರೀನ್ ಕಣಿವೆ, ಕಾಕಡು ಎಂಬ ಮೂರು ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಿ, ಮತ್ತೆ ಡಾರ್ವಿನ್ ಸೇರುವುದು. ಒಂಬತ್ತು ದಿನ. ದಿನಕ್ಕೊಂದು ಸಾಲು, ಸಾಲಿಗೆ ಮೂವತ್ತೊಂದು ಅಂಕಣ: ಎಷ್ಟು ಕಿಲೋಮೀಟರು, ಮುಂದಿನ ಪೆಟ್ರೋಲ್ ಬಂಕ್ ಎಲ್ಲಿ, ಎಷ್ಟು ಲೀಟರ್ ಕುಡಿಯುವ ನೀರು, ಸೂರ್ಯ ಮುಳುಗುವುದು ಎಷ್ಟಕ್ಕೆ, ಅದಕ್ಕೆ ಒಂದು ಗಂಟೆ ಮೊದಲು ಗಾಡಿ ಎಲ್ಲಿ ನಿಂತಿರಬೇಕು. ಕೊನೆಯ ಅಂಕಣದ ಹೆಸರು 'ಮೊಸಳೆ'. ಅದರಲ್ಲಿ ಹೌದು, ಇಲ್ಲ ಎಂಬ ಎರಡೇ ಉತ್ತರಗಳಿಗೆ ಅವಕಾಶವಿತ್ತು.

ಸ್ವೀಡನ್ನಿನ ಕಿಸ್ಟಾ ಎಂಬಲ್ಲಿನ ಟೆಲಿಕಾಂ ಕಚೇರಿಯೊಂದರಲ್ಲಿ ನಾವಿಬ್ಬರೂ ಅಕ್ಕಪಕ್ಕದ ತಂಡಗಳಲ್ಲಿದ್ದೆವು. ಅವರು ಗದಗಿನವರು, ಐವತ್ತೆರಡು ವರ್ಷ, ಸಾಫ್ಟ್‌ವೇರ್ ಪರೀಕ್ಷಕರು. ಅಂದರೆ ಇತರರ ಕೆಲಸದಲ್ಲಿ ತಪ್ಪು ಹುಡುಕಿ ಗೌರವದಿಂದ ಬದುಕುವವರು. ನನ್ನಂಥ ಮೈಸೂರು, ಬೆಂಗಳೂರು ಕಡೆಯವರ ಎದುರು ತಮ್ಮ ಮಾತಿಗೆ ಇಸ್ತ್ರಿ ಹಾಕಿಕೊಂಡು ಬರುತ್ತಿದ್ದರು. ಖುಷಿಯೋ ಸಿಟ್ಟೋ ಬಂದರೆ ಮಾತ್ರ ಇಸ್ತ್ರಿ ಕೆಟ್ಟು ಗದಗು ಎದ್ದು ನಿಲ್ಲುತ್ತಿತ್ತು.

ಈ ಯಾತ್ರೆಯ ಮರ್ಮ ಕಾಡಿನಲ್ಲಿರಲಿಲ್ಲ, ಸ್ಟಿಯರಿಂಗಿನಲ್ಲಿತ್ತು. ಊರಿನಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದ್ದರು. ಆ ಇಪ್ಪತ್ತು ವರ್ಷಗಳನ್ನು ಸ್ವೀಡನ್ ಒಪ್ಪಲಿಲ್ಲ. ಹೊಸದಾಗಿ ಪರೀಕ್ಷೆ ಕಟ್ಟಿ ಮೂರು ಸಲ ನಪಾಸಾದರು.

"ಮೂರನೇ ಸಲ ಪರೀಕ್ಷೆ ತಗೊಂಡಾಕಿ ಏನಂದ್ಲು ಗೊತ್ತೇನ್ರಿ? ನೀವು ಚೆನ್ನಾಗೇ ಓಡಿಸ್ತೀರಿ, ಆದ್ರೆ ಯಾವ ಗಳಿಗೇಲಿ ಏನು ಪ್ರಾಣಿ ಅಡ್ಡ ಬರುತ್ತೋ ಅನ್ನೋರ ಥರ ಓಡಿಸ್ತೀರಿ, ಅಂತ."

ನಾಲ್ಕನೆಯ ಸಲ ಪಾಸಾದರು. ಆದರೆ ಅವರಿದ್ದ ಅಕಲ್ಲಾದಿಂದ ಕಚೇರಿಗೆ ಮೆಟ್ರೋದಲ್ಲಿ ಎರಡೇ ನಿಲ್ದಾಣ. ಕಾರಿನ ಅಗತ್ಯವೇ ಇಲ್ಲ. ಲೈಸೆನ್ಸು ಪಾಕೀಟಿನಲ್ಲೇ ವಯಸ್ಸಾಗತೊಡಗಿತು. ಅಂಥ ದಿನಗಳಲ್ಲೇ ಅವರು ಕಾಕಡುವಿನ ಬಗ್ಗೆ ಓದಿದ್ದು.

"ಅಲ್ಲಿ ರಸ್ತಾದ ಮ್ಯಾಲೆ ಖರೇನ ಎಮ್ಮಿ ಬರತಾವಂತ್ರಿ! ಕಾಡೆಮ್ಮಿ! ನನ್ನ ಡ್ರೈವಿಂಗಿಗೆ ಹೊಂದೂ ದೇಶ ಅದೊಂದ ಐತಿ ನೋಡ್ರಿ."

ಸ್ವೀಡನ್ನಿನಲ್ಲಿ ವಾಹನಗಳು ಬಲಕ್ಕೆ, ಅಲ್ಲಿ ಎಡಕ್ಕೆ. ದೇಹಕ್ಕೆ ಎಡದ ನೆನಪು ಮರಳಲೆಂದು ಅವರು ಕಚೇರಿಯ ಓಣಿಗಳಲ್ಲಿ ಎಡಗಡೆಯ ಗೋಡೆಗೆ ಅಂಟಿಕೊಂಡು ನಡೆಯತೊಡಗಿದರು. ಒಂದು ತಿರುವಿನಲ್ಲಿ ಮಾನವ ಸಂಪನ್ಮೂಲದ ಮುಖ್ಯಸ್ಥೆಗೂ ಅವರಿಗೂ ಮುಖಾಮುಖಿಯಾಗಿ, ಆಕೆಯ ಕೈಯ ಕಾಫಿ ಇಬ್ಬರಿಗೂ ಸಮವಾಗಿ ಹಂಚಿಹೋಯಿತು. ಚನ್ನಬಸಪ್ಪನವರು ಕ್ಷಮೆ ಕೇಳಿದರು, ಪಥ ಬದಲಿಸಲಿಲ್ಲ.

ಮೂರು ಚಳಿಗಾಲ ಕೂತು ಅವರು ಹಾಕಿದ ಯೋಜನೆ ಡಿಸೆಂಬರ್ ತಿಂಗಳದ್ದು. ಅದು ಸಹಜವೇ. ಜುಲೈ ಬಂದರೆ ಸ್ವೀಡನ್ ದೇಶ ಬಾಗಿಲು ಹಾಕಿಕೊಂಡು ದೋಣಿಗೋ ಬೇಸಿಗೆ ಮನೆಗೋ ಹೊರಟುಬಿಡುತ್ತದೆ. ಆಗ ಕಚೇರಿ ಕಾಯುವವರು ನಾವು. ಪ್ರತಿಯಾಗಿ ಡಿಸೆಂಬರ್ ನಮ್ಮದು. ಊರಿಗೆ ಹೋಗಿ ಬರಬಹುದು. ಎಲ್ಲೂ ಬರೆದಿಡದ, ಎಲ್ಲರೂ ಪಾಲಿಸುವ ಒಪ್ಪಂದವಿದು. ಆ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ರಜೆ ಎಂದೊಡನೆ ಅವರ ಬೆರಳು ತಾನಾಗಿ ಡಿಸೆಂಬರ್ ಒತ್ತಿತ್ತು.

ಟಿಕೆಟ್ ತೆಗೆಯುವ ಮುನ್ನ, ಕಾರು ನಿಲ್ಲಿಸಲು ನೆರಳಿದೆಯೇ ಎಂದು ವಿಚಾರಿಸಲು ಕಾಕಡುವಿನ ಪ್ರವಾಸಿ ಮಾಹಿತಿ ಕೇಂದ್ರಕ್ಕೆ ಫೋನು ಮಾಡಿದರು. ಅತ್ತಲಿನ ಹೆಂಗಸು ಬಹಳ ಪ್ರೀತಿಯಿಂದ ವಿವರಿಸಿದಳಂತೆ: ಡಿಸೆಂಬರಿನಿಂದಾಚೆ ಅಲ್ಲಿ ಮಳೆಗಾಲ, ನೀವು ಹೇಳುವ ರಸ್ತೆ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇರುತ್ತದೆ, ಆದರೆ ನೀರಿನ ಕೆಳಗೆ. ಜುಲೈಗೆ ಬನ್ನಿ.

ಅವತ್ತು ಅವರು ನನ್ನ ಮೇಜಿನ ಬಳಿ ಬಂದು ಕುರ್ಚಿಯಲ್ಲಿ ಕುಸಿದರು. "ಮೂವತ್ತೊಂದು ಕಾಲಂ ಹಾಕೀನ್ರಿ. ಮೊಸಳಿಗೆ ಕಾಲಂ ಐತಿ. ಮಳಿಗಿಲ್ಲ."

ಪರೀಕ್ಷಕರೊಬ್ಬರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ನಾನು ಸಂತಾಪಸೂಚಕವಾಗಿ ಬಿಸ್ಕತ್ತು ಕೊಟ್ಟೆ.

ಜುಲೈ ಕೇಳುವುದು ಸಣ್ಣ ಮಾತಲ್ಲ. ಫೆಬ್ರವರಿಯಲ್ಲಿ ರಜೆಯ ಪಟ್ಟಿ ಬಂದಾಗ ಅವರು ವರ್ಷದ ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತನೇ ವಾರಗಳ, ಅಂದರೆ ಜುಲೈಯ ಮೂರು ವಾರಗಳ ಮುಂದೆ ತಮ್ಮ ಹೆಸರು ಬರೆದರು. ಅವರ ತಂಡದ ಮುಖ್ಯಸ್ಥೆ ಮಲಿನ್ ಸಭೆ ಕರೆದಳು. ಸ್ವೀಡನ್ನಿನಲ್ಲಿ ಯಾರೂ ಆಗದು ಎನ್ನುವುದಿಲ್ಲ. ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಾರೆ. ಕೊನೆಗೆ, ಪ್ರತಿ ಜುಲೈ ದೋಣಿಯಲ್ಲಿರುವ ಲಾಶ್ ಎಂಬ ಹಿರಿಯ ಸಹೋದ್ಯೋಗಿ ಕೇಳಿದ: "ಆದರೆ ಜುಲೈಯಲ್ಲಿ ಅಲ್ಲಿ ಚಳಿಗಾಲವಲ್ಲವೇ?"

"ಹೌದು. ಮೂವತ್ತೆರಡು ಡಿಗ್ರಿ."

ಮೈನಸ್ ಹದಿನಾಲ್ಕರಲ್ಲಿ ನಡೆದುಬಂದಿದ್ದ ಆ ಸಭೆ ಕಿಟಕಿ ಬಿಟ್ಟು ಅವರತ್ತ ತಿರುಗಿತು. ಲಾಶ್, ತಾನು ಆ ಸಲ ಆಗಸ್ಟಿನಲ್ಲಿ ದೋಣಿ ಇಳಿಸಬಹುದು ಎಂದ. ಚನ್ನಬಸಪ್ಪನವರು ಅವತ್ತು ಸಂಜೆಯೇ ಟಿಕೆಟ್ ತೆಗೆದರು.

ಏಪ್ರಿಲಿನಲ್ಲಿ ಕಂಪನಿ ಅವರ ತಂಡವನ್ನೇ ಮುಚ್ಚಿತು. ಕೊನೆಯ ದಿನ ಜೂನ್ ಮೂವತ್ತು. ಕೆಲಸದ ಪರವಾನಗಿಯ ಮೇಲೆ ಇರುವವರು ಅಲ್ಲಿಂದ ಮೂರು ತಿಂಗಳಲ್ಲಿ ಇನ್ನೊಂದು ಕೆಲಸ ಹಿಡಿಯಬೇಕು, ಇಲ್ಲವೇ ದೇಶ ಬಿಡಬೇಕು. ಇನ್ನೊಂದಿಷ್ಟು ತಿಂಗಳು ಕಳೆದಿದ್ದರೆ ಅವರಿಗೆ ಇಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕುವ ಅರ್ಹತೆ ಬರುತ್ತಿತ್ತು. ಟಿಕೆಟ್ ರದ್ದು ಮಾಡಿ ಎಂದು ಎಲ್ಲರೂ ಬುದ್ಧಿ ಹೇಳಿದರು. ಉಪದೇಶದಲ್ಲಿ ನಾನು ಹಿಂದೆ ಬೀಳುವವನಲ್ಲ. ಒಂದು ಭಾನುವಾರ ಅವರ ಮನೆಗೇ ಹೋದೆ. ಅವರ ಪತ್ನಿ ಸುಮಂಗಲಾ ರೊಟ್ಟಿ ಬಡಿಯುತ್ತಿದ್ದರು.

"ಸಾರ್, ಇರೋದು ಮೂರು ತಿಂಗಳು. ಅದರಲ್ಲಿ ಒಂದನ್ನ ಆಸ್ಟ್ರೇಲಿಯಾಗೆ ಕೊಟ್ಟುಬಿಡ್ತೀರಾ? ಮುಂದಿನ ವರ್ಷ ಹೋಗಬಹುದಲ್ಲ."

"ಮುಂದಿನ ವರ್ಷ ಯಾರನ್ನ ಜುಲೈ ಕೇಳ್ಲಿ ನಾನು?"

ಅವರೇ ಮುಂದುವರಿಸಿದರು: "ಜುಲೈದಾಗ ಈ ದೇಶದಾಗ ನನ್ನ ಇಂಟರ್‌ವ್ಯೂ ಮಾಡಾವ್ರು ಯಾರದಾರ ಹೇಳ್ರಿ ಮೈಸೂರವರ. ಬಾಸ್ ದೋಣ್ಯಾಗ, ಎಚ್‌ಆರ್ ಅಡವ್ಯಾಗ. ಇಲ್ಲೆ ಕುಂತು ಯಾರಿಗೆ ಸಿವಿ ಕಳಸ್ಲಿ, ಕೆರಿ ದಂಡಿ ಬಾತುಕೋಳಿಗೇನು?"

ನಾನು ಕೊನೆಯ ಆಸೆಯಿಂದ ಸುಮಂಗಲಾ ಅವರತ್ತ ತಿರುಗಿದೆ. "ಮೇಡಂ, ನೀವಾದ್ರೂ ಹೇಳಿ."

ಅವರು ರೊಟ್ಟಿ ತಿರುವಿಹಾಕಿ, "ಮೂರು ಚಳಿಗಾಲ ಆ ಶೀಟ್ ಓದೂದು ಕೇಳೀನ್ರಿ ನಾನು" ಎಂದರು. "ನಾಕನೇದ್ದು ನನ್ನ ಕೈಲೆ ಆಗಂಗಿಲ್ಲ. ಹೋಗೇ ಬರತೇವಿ. ಅಲ್ಲಿ ಹುತ್ತ ಎರಡಾಳು ಎತ್ತರ ಅದಾವಂತ. ಪಂಚಮಿಗೆ ಅಂಥಾವಕ್ಕ ಹಾಲು ಎರೀಬೇಕಂದ್ರ ಏಣಿ ಹಚ್ಚಬೇಕೇನ್ರಿ?"

"ಅದರಾಗ ಹಾವು ಇರಂಗಿಲ್ಲ, ಗೆದ್ದಲ ಅಷ್ಟ" ಎಂದರು ಚನ್ನಬಸಪ್ಪನವರು, ಶೀಟ್ ನೋಡಿ.

ನಾನು ಎರಡು ರೊಟ್ಟಿ ತಿಂದು, ಉಪದೇಶವನ್ನು ಹಾಗೆಯೇ ವಾಪಸು ತಂದೆ.

ಅವರನ್ನು ಕೊನೆಯ ಬಾರಿ ಕಂಡದ್ದು ಸೆಪ್ಟೆಂಬರಿನ ಕೊನೆಯ ವಾರ, ಅದೇ ಮನೆಯಲ್ಲಿ. ಗೋಡೆಗಳು ಬರಿದಾಗಿದ್ದವು. ನಡುಮನೆಯಲ್ಲಿ ಚಳಿಗಾಲದ ಬೂಟುಗಳು ಸಾಲಾಗಿ ನಿಂತು ಹೊಸ ಯಜಮಾನರಿಗಾಗಿ ಕಾಯುತ್ತಿದ್ದವು. ನಾನು ಸಂದರ್ಭಕ್ಕೆ ತಕ್ಕ ಗಾಂಭೀರ್ಯದಿಂದ, ಪ್ರವಾಸ ಹೇಗಿತ್ತು ಎಂದು ಕೇಳಿದೆ.

"ಚಲೋ ಇತ್ತು" ಎಂದರು. ಆಮೇಲೆ ತಪ್ಪೊಪ್ಪಿಕೊಳ್ಳುವವರಂತೆ, "ಏಳನೇ ದಿನ ನಲವತ್ತು ನಿಮಿಷ ಲೇಟ್ ಆತು" ಎಂದರು.

"ಗಾಡಿ ಕೆಟ್ಟಿತಾ?"

"ಗಾಡಿಗೇನಾಗಿಲ್ಲ" ಎಂದು ಸುಮಂಗಲಾ ಪೆಟ್ಟಿಗೆ ಕಟ್ಟುತ್ತಲೇ ಹೇಳಿದರು. "ಒಂದು ಬಂಡೆಗಲ್ಲಿನ ಮ್ಯಾಲೆ ಹತ್ತಿ ಕುಂತ್ರು. ಕೆಳಗ ಕಣ್ಣಿಗೆ ಕಾಣೂ ಮಟ ಹಸರ. ನಾ ಕರದ್ರೂ ಏಳವಲ್ರು. ಗಡಿಯಾರ ನನ್ನ ಕೈಯಾಗ ಕೊಟ್ಟುಬಿಟ್ರು."

ಚನ್ನಬಸಪ್ಪನವರು ಬೂಟುಗಳತ್ತ ನೋಡುತ್ತಾ, "ನಿಮ್ಮದು ಎಷ್ಟನೇ ನಂಬರ್ ರೀ?" ಎಂದು ನನ್ನನ್ನು ಕೇಳಿದರು. ನನ್ನದು ಅವರದಕ್ಕಿಂತ ಒಂದು ನಂಬರ್ ದೊಡ್ಡದು. ಬೂಟು ಬೇರೆಯವರಿಗೆ ಹೋಯಿತು.

ಜುಲೈಯಲ್ಲಿ ಒಂಬತ್ತು ದಿನ, ಸಾವಿರದ ನೂರ ಎಂಬತ್ತು ಕಿಲೋಮೀಟರು, ಪೂರ್ತಿ ಅವರೇ ಓಡಿಸಿದ್ದರು. ಆಗಸ್ಟ್, ಸೆಪ್ಟೆಂಬರಿನಲ್ಲಿ ಹನ್ನೊಂದು ಸಂದರ್ಶನಗಳಾದವು, ಕೆಲಸ ಸಿಗಲಿಲ್ಲ. ಸೆಪ್ಟೆಂಬರ್ ಇಪ್ಪತ್ತೊಂಬತ್ತರಂದು ಇಬ್ಬರೂ ಸ್ವೀಡನ್ ಬಿಟ್ಟರು.