ಶೆಡ್ಡಿನ ಅಜ್ಜನ ಬೆಸಾಂವ್

ಆಗ ನನಗೆ ಹತ್ತು ವರ್ಷ. ಅದಾಗಿ ಅರುವತ್ತರ ಹತ್ತಿರ ವರ್ಷ ಕಳೆಯಿತು. ಶಿರಾಡಿ ಘಾಟಿ ಇಳಿದ ಲಾರಿಯ ಬ್ರೇಕು ಸುಟ್ಟ ವಾಸನೆ ಮೂಗಿಗೆ ಬಡಿದರೆ ಸಾಕು, ಗುಂಡ್ಯದ ನಮ್ಮ ಮನೆ ನನ್ನ ಕಣ್ಣೆದುರು ಬಂದು ನಿಲ್ಲುತ್ತದೆ. ದೊಡ್ಡ ಮನೆಯೇನಲ್ಲ. ರಸ್ತೆ ಬದಿಗೆ ಎರಡು ಕೋಣೆ, ಹೊಗೆ ಹಿಡಿದ ಅಡುಗೆಮನೆ, ಗೋಡೆಯಲ್ಲೊಂದು ಶಿಲುಬೆ. ರಸ್ತೆ ಅಗಲ ಮಾಡುವಾಗ ಅದು ಹೋಯಿತು. ನಿಮ್ಮದೂ ಹೀಗೆ ಒಂದು ಹೋಗಿರಬಹುದು. ಅಳುತ್ತಾ ಕೂತರೆ ಮನೆ ಎದ್ದು ಬರುವುದಿಲ್ಲ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನೆನಪಿದ್ದಷ್ಟು ಬರೆಯುತ್ತೇನೆ.

ಎದುರಿನ ಮುರುಕು ಶೆಡ್ಡಿನಲ್ಲಿ ಒಬ್ಬ ಅಜ್ಜ ಬಂದು ಮಲಗಿದ್ದರು. ಲಾರಿಗೆ ಮರ ತುಂಬುತ್ತಿದ್ದವರು. ಪ್ರಾಯವಾದ ಮೇಲೆ ಕೆಲಸಕ್ಕೆ ಕರೆಯುವವರಿಲ್ಲ, ಹೋಗಲು ಮನೆಯಿಲ್ಲ, ಮೇಲಿಂದ ಜ್ವರ. ಒಂದು ದಿನ ಮಧ್ಯಾಹ್ನ ನನ್ನ ಅಜ್ಜಿ ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನು ಹಿಡಿದು ಹೋದರು. ಹಿಂದೆ ನಾನು. ಮನೆಯಲ್ಲಿ ಊಟಕ್ಕೆ ಮೊದಲು ಮಾಡುವಂತೆ ಅಜ್ಜಿ ಗಂಜಿಯ ಮೇಲೆ ಶಿಲುಬೆಯ ಗುರುತು ಮಾಡಿದ್ದೇ ತಪ್ಪಾಯಿತು. ಅಜ್ಜ ತಟ್ಟೆ ದೂಡಿದರು.

"ಬೇಡ ಬಾಯಮ್ಮ. ಇದನ್ನು ಉಂಡರೆ ನಾಳೆ ನಿಮ್ಮ ದೇವರ ಕಾಲಿಗೆ ಬೀಳ್ಲಿಕ್ಕೆ ಹೇಳ್ತೀರಿ."

"ಗಂಜಿ ಬೇರೆ, ದೇವರು ಬೇರೆ ಮಾರಾಯ್ರೆ," ಎಂದರು ಅಜ್ಜಿ. "ಆದ್ರೆ ಹೇಳದೆ ನನಗೆ ಆಗುದಿಲ್ಲ. ನಮ್ಮ ಯೇಸು ಹುಟ್ಟುವಾಗ ಅವನ ಅಪ್ಪ ಅಮ್ಮನಿಗೂ ಎಲ್ಲಿಯೂ ಜಾಗ ಸಿಗ್ಲಿಲ್ಲ. ದನದ ಕೊಟ್ಟಿಗೆಯಲ್ಲಿ ಹೆತ್ತದ್ದು."

"ಕೊಟ್ಟಿಗೆಯಾದ್ರೂ ಸಿಕ್ಕಿತಲ್ಲ. ನನ್ನ ಶೆಡ್ಡಿಗೆ ಗೋಡೆ ಇಲ್ಲ."

ಅಜ್ಜಿ ನಕ್ಕುಬಿಟ್ಟರು. ಅಜ್ಜ ಮಾತ್ರ ಉಣ್ಣಲಿಲ್ಲ. ಪುಕ್ಕಟೆ ಉಂಡು ಅಭ್ಯಾಸವಿಲ್ಲವಂತೆ. "ಇವತ್ತೂ ಉಣ್ಣದಿದ್ರೆ ಈ ಅಜ್ಜ ಉಳಿಯುದಿಲ್ಲ," ಎಂದು ಅಜ್ಜಿ ರಸ್ತೆ ದಾಟುವಾಗ ಹೇಳಿದರು.

ಮುಸ್ಸಂಜೆ ನಮ್ಮಲ್ಲಿ ಜಪಮಾಲೆ. ಅದು ಮುಗಿದ ಕೂಡಲೇ ಮಕ್ಕಳು ಹಿರಿಯರ ಎದುರು ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು; ಊಟ ಆಮೇಲೆ. ಪ್ರಾಯದಲ್ಲಿ ಎಲ್ಲರಿಗಿಂತ ದೊಡ್ಡವರಲ್ಲಿ ಮೊದಲು. ಆ ದಿನ ನಾನು ಎದುರು ನಿಂತರೆ ಅಜ್ಜಿ ಕೈ ಎತ್ತಲಿಲ್ಲ. "ನನಗಿಂತ ದೊಡ್ಡವರು ಆಚೆ ಇದ್ದಾರೆ, ನಡಿ," ಎಂದು ಬಿಸಿ ಗಂಜಿ ಹಿಡಿದು ಹೊರಟರು.

ಶೆಡ್ಡಿನಲ್ಲಿ ನಾನು ಕೈಮುಗಿದು ಆಶೀರ್ವಾದ ಕೇಳಿದಾಗ ಅಜ್ಜ ಹಿಂದಕ್ಕೆ ಸರಿದರು. "ನನ್ನ ಹತ್ರ ಎಂತ ಉಂಟು ಮಗಾ ಕೊಡ್ಲಿಕ್ಕೆ?"

"ಅದಕ್ಕೆ ಮನೆ ಬೇಡ, ಪ್ರಾಯ ಸಾಕು," ಎಂದರು ಅಜ್ಜಿ. "ಬೇಗ ಕೊಡಿ, ಹುಡುಗಿಗೆ ಹಸಿವಾಗ್ತದೆ."

ಬೀಡಿ ವಾಸನೆಯ ದೊರಗು ಕೈ ನನ್ನ ತಲೆಯ ಮೇಲೆ ಬಂತು. "ದೇವರು ಒಳ್ಳೇದು ಮಾಡ್ಲಿ," ಎಂದರು. ಯಾವ ದೇವರು ಎಂದು ಅವರು ಹೇಳಲಿಲ್ಲ, ಅಜ್ಜಿ ಕೇಳಲೂ ಇಲ್ಲ. ಅಜ್ಜ, "ಇನ್ನು ಕೊಡಿ ಬಾಯಮ್ಮ, ಈಗ ಪುಕ್ಕಟೆ ಅಲ್ಲ," ಎಂದು ತಟ್ಟೆಗೆ ಕೈ ಚಾಚಿದರು.

ಈಗ ಅಜ್ಜಿ ಇಲ್ಲ, ಆ ಅಜ್ಜನೂ ಇಲ್ಲ. ಶೆಡ್ಡಿದ್ದ ಜಾಗದಲ್ಲಿ ಡಾಂಬರು. ಆದರೆ ಆ ಕೈಯ ಭಾರ ನನ್ನ ತಲೆಗೆ ಗೊತ್ತುಂಟು.

ಆ ಸಂಜೆಯ ಮರುದಿನ ಬೆಳಿಗ್ಗೆ ಗಂಜಿ ಹಿಡಿದು ನಾನೊಬ್ಬಳೇ ರಸ್ತೆ ದಾಟಿದೆ. ತಟ್ಟೆಯನ್ನು ನೆಲಕ್ಕಿಟ್ಟು, ಅಜ್ಜ ಅದನ್ನು ಮುಟ್ಟುವ ಮೊದಲೇ, ಎದುರು ನಿಂತು ಕೈಮುಗಿದೆ.