ಮಣ್ಣು ಸಮೇತ ಕೊಟ್ಟ ಬಾಳೆಕಂದು

ಮಲೇಷ್ಯಾ ಪ್ರವಾಸದಿಂದ ಬರುವಾಗ ಒಂದು ಬಾಳೆಕಂದನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿ, ಬಟ್ಟೆಗಳ ನಡುವೆ ಇಟ್ಟು ತಂದೆ. ವಿಮಾನ ನಿಲ್ದಾಣದಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪಾಲಹಳ್ಳಿಯ ನಮ್ಮ ತೋಟದ ಮೂಲೆಯಲ್ಲಿ ಅದು ಚೆನ್ನಾಗಿಯೇ ಬಂತು. ಬುಡದಲ್ಲಿ ಮರಿ ಎದ್ದಾಗ ಪಕ್ಕದ ತೋಟದ ಅಕ್ಕ ಕೇಳಿದರು. ನಮ್ಮಲ್ಲಿ ಕಂದು ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ. ಬರಿ ಕಂದನ್ನೂ ಕೊಡುವುದಿಲ್ಲ. ತಾಯಿಗಿಡದ ಬುಡದ ಮಣ್ಣು ಒಂದು ಹೆಂಟೆಯಾದರೂ ಜೊತೆಗಿರಬೇಕು. ಹಾಗೆಯೇ ಕೊಟ್ಟೆ.

ಅದಾಗಿ ಮೂರು ತಿಂಗಳಲ್ಲಿ ನನ್ನ ಗಿಡದ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ಮುರಿದು ಜೋತುಬಿದ್ದವು. ಫೋಟೊ ತೆಗೆದು, ಪಾಂಡವಪುರದಲ್ಲಿರುವ ಪರಿಚಯದ ತೋಟಗಾರಿಕೆ ಅಧಿಕಾರಿಗೆ ತೋರಿಸಿದೆ.

“ಎಲ್ಲಿಂದ ತಂದ್ರಿ ಇದ?”

ಹೇಳಿದೆ. ಅವರು ಫೋಟೊ ದೊಡ್ಡದು ಮಾಡಿ ಮತ್ತೊಮ್ಮೆ ನೋಡಿದರು. ನೆಡುವ ಗಿಡ ತರಬೇಕಾದರೆ ಮೊದಲೇ ಇಲ್ಲಿಯ ಪರವಾನಗಿ ಬೇಕು, ರೋಗವಿಲ್ಲವೆಂದು ಆ ದೇಶದ ಪ್ರಮಾಣಪತ್ರ ಬೇಕು, ಬಂದ ಮೇಲೂ ತಿಂಗಳುಗಟ್ಟಲೆ ಬೇರೆಯಿಟ್ಟು ನೋಡಬೇಕು ಎಂದರು. ಸೊರಗು ರೋಗವಾದರೆ ಅದಕ್ಕೆ ಔಷಧಿಯಿಲ್ಲ, ಮಣ್ಣಿನಲ್ಲಿ ವರ್ಷಾನುಗಟ್ಟಲೆ ಕೂತಿರುತ್ತದೆ ಎಂದರು.

“ಯಾರ್ಗಾದ್ರೂ ಕಂದು ಕೊಟ್ಟಿದ್ದೀರಾ ಮೇಷ್ಟ್ರೇ?”

“ಒಬ್ರಿಗೆ.”

“ಮಣ್ಣು ಸಮೇತ?”

ನಾನು ತಲೆಯಾಡಿಸಿದೆ. ಎರಡೂ ಕಡೆ ನಾಳೆ ಬೆಳಿಗ್ಗೆ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಮಣ್ಣು ಕದಲಿಸಬೇಡಿ, ನೀರು ಹಾಯಿಸಬೇಡಿ, ರೋಗ ಅವುಗಳ ಜೊತೆಗೇ ಹರಡುತ್ತದೆ ಎಂದರು.

ಊರಿಗೆ ಬಂದವನೇ ಅಕ್ಕನ ತೋಟಕ್ಕೆ ಹೋದೆ. ಬದುವಿನ ಮೇಲೆಯೇ ನಿಂತೆ. ಚಪ್ಪಲಿಯ ಮಣ್ಣು ಒಳಗೆ ಬೀಳಬಾರದೆಂದು.

“ಆ ಕಂದ ನಾನೆಲ್ ನೆಟ್ಟೆ? ಸಿಂಧಘಟ್ಟಕ್ಕೆ ಕೊಟ್ಟಿರೋ ಮಗ್ಳು ಬಂದಿದ್ಲು. ಫಾರಿನ್ ಬಾಳೆ ಕಣವ್ವಾ, ತಿಂದ್ರೆ ನಿನ್ ಗಂಡನೂ ಬೆಳ್ಳಗಾಯ್ತಾನೆ ಅಂತ ಕೊಟ್ಬುಟ್ಟೆ,” ಎಂದು ಅಕ್ಕ ನಕ್ಕರು. “ಯಾಕ್ ಅಂಗ್ ನಿಂತ್ಕಂಡ್ರಿ? ಬನ್ನಿ ಒಳೀಕೆ.”

ವಿಷಯ ಹೇಳಿದೆ. ಅವರ ನಗು ನಿಂತಿತು.

“ಅವ್ಳ್ ಮನೆ ನಡೆಯೋದೇ ಬಾಳೇಲಿ ಕಣ್ ಮೇಷ್ಟ್ರೇ. ಇರೋ ಎರಡೆಕ್ರೆನೂ ಬಾಳೇನೇ.”

ಅಲ್ಲೇ ನಿಂತು ಮಗಳಿಗೆ ಫೋನು ಮಾಡಿದರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

“ತೋಟದ್ ನಡೂಕೇ ನೆಟ್ಟಿವ್ನಿ ಕಣವ್ವಾ. ಈಗ್ಲೂ ನೀರು ಬುಡ್ತಾವ್ನಿ. ಯಾಕೆ?”

 ಅಕ್ಕ ಫೋನು ನನ್ನ ಕೈಗಿಟ್ಟರು. ಮೊದಲು ಮೋಟಾರು ಆರಿಸಲು ಹೇಳಿದೆ. ಆಮೇಲೆ ರೋಗದ ವಿಷಯ ತಿಳಿಸಿ, ಗಿಡ ಕೀಳಬೇಡಿ, ಗುದ್ದಲಿ ಹಾಕಬೇಡಿ, ನಾಳೆ ಬೆಳಿಗ್ಗೆ ಅಧಿಕಾರಿ ಬರುತ್ತಾರೆ ಎಂದೆ. ಮೋಟಾರಿನ ಸದ್ದು ನಿಂತಿತು.

“ಎಲೆ ಎಲ್ಲಾ ಅಸಿರಾಗೇ ಅವಲ್ಲ ಅಣ್ಣಾ,” ಎಂದಳು ಆಕೆ. “ಏನೂ ಆಗಕಿಲ್ಲ ಅಲ್ವಾ?”

ನನ್ನದೂ ಮೂರು ತಿಂಗಳ ಹಿಂದೆ ಹಸಿರಾಗಿಯೇ ಇತ್ತು. ಅದನ್ನು ಆಕೆಗೆ ಹೇಳಿದೆ.